ಆಂಪ್ಲಿಫೈಯರಿಗೆ ಹೊದಿಸಿದ ಕಂಬಳಿ

ಸಭೆಯಲ್ಲಿ ಕೈ ಎತ್ತುವ ಮುಂಚೆ ಮನುಷ್ಯ ನಾಲ್ಕು ಸಲ ಯೋಚಿಸಬೇಕು. ಸ್ಟೋರಪ್ಪನವರು ಯೋಚಿಸಲಿಲ್ಲ. ಕಾರ್ಖಾನೆಯ ಉಗ್ರಾಣದಲ್ಲಿ ಕೂತು ಕೈಗವಸು, ಹೆಲ್ಮೆಟ್ಟು, ಬೂಟುಗಳನ್ನು ಕೊಡುವುದು, ಹರಿದದ್ದನ್ನು ವಾಪಸ್ ಪಡೆದು ಗೊಣಗುವುದು ಅವರ ಕೆಲಸ. ಸ್ಟೋರಪ್ಪ ಎಂಬ ಹೆಸರು ಬಂದದ್ದೂ ಹಾಗೆಯೇ. ತಿಂಗಳ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು, ಫ್ಯಾನಿನ ಗಾಳಿ ತಮ್ಮ ತನಕ ಬರುತ್ತಿದೆಯೋ ಇಲ್ಲವೋ ನೋಡೋಣವೆಂದು ಕೈ ಮೇಲೆತ್ತಿದರು. ಅದೇ ಗಳಿಗೆಯಲ್ಲಿ ಮ್ಯಾನೇಜರು, "ಸುರಕ್ಷತಾ ಪ್ರತಿನಿಧಿ ಯಾರಾಗ್ತೀರಿ?" ಎಂದು ಕೇಳಿ ಮುಗಿಸಿದ್ದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯಿಂದಲೇ ಅವರಿಗೆ ಎಚ್ಚರವಾದದ್ದು.

ಎಚ್ಚರವಾದ ಮೇಲೆ ನೋಡುತ್ತಾರೆ, ತೋಳಿಗೆ ಹಸಿರು ಪಟ್ಟಿ, ಕೊರಳಿಗೆ ಸೀಟಿ! ಇಪ್ಪತ್ತು ವರ್ಷ ಬೇರೆಯವರ ತಲೆಗೆ ಹೆಲ್ಮೆಟ್ಟು ಕೊಟ್ಟವರಿಗೆ ಮೊದಲ ಸಲ ತಮ್ಮ ತಲೆಯ ಮೇಲೂ ಏನೋ ಇದೆ ಅನ್ನಿಸಿತು. ಅವತ್ತಿನಿಂದ ಅವರ ಕಾಲು ನೆಲಕ್ಕೆ ಊರಲಿಲ್ಲ. ಊರಿದರೂ ಮೊದಲು ನೆಲ ಜಾರುತ್ತದೆಯೇ ಎಂದು ನೋಡಿಯೇ ಊರುತ್ತಿದ್ದರು.

ಅವರ ಹೆಂಡತಿ ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಕಡೆ ನಿಂತಿದೆ, ಯಾವುದು ತಡವಾಗಿದೆ ಎಂದು ಹೇಳುವವರು. ಆ ಧ್ವನಿಯನ್ನು ಕೇಳದ ಮನುಷ್ಯ ಊರಲ್ಲಿಲ್ಲ. ಆದರೆ ಆ ಗಂಟಲಲ್ಲಿ ಹಾಡು ಇದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ. ಊರಿನ ರೇಡಿಯೋದವರು ದುಡಿಯುವ ಹೆಂಗಸರಿಂದ ಹಾಡಿಸುವ ಕಾರ್ಯಕ್ರಮ ಶುರು ಮಾಡಿದಾಗ ಆಕೆ ಊಟದ ಬಿಡುವಿನಲ್ಲಿ ಮೆಲ್ಲಗೆ ಹೋಗಿ ಹಾಡಿ ಬಂದರು. ಭಾನುವಾರ ಹನ್ನೊಂದು ಗಂಟೆಗೆ ಪ್ರಸಾರ ಎಂದು ಫೋನು ಬಂತು.

"ರೀ, ಊರಿಗೆಲ್ಲ ಹೇಳ್ಬೇಡಿ," ಎಂದರು ಆಕೆ ಗಂಡನಿಗೆ. "ನೀವು ಕೂತು ಕೇಳಿ, ಸಾಕು. ಮದುವೆ ಆದಾಗಿಂದ ನಾನು ಪೂರ್ತಿಯಾಗಿ ಒಂದು ಹಾಡು ಹಾಡಿದ್ದನ್ನ ನೀವು ಕೇಳೇ ಇಲ್ಲ."

"ಹಾಗಂತೀಯಾ? ಕೇಳಿದೀನಲ್ಲ!"

"ಎಲ್ಲಿ ಕೇಳಿದೀರಿ? ನಾನು ಎರಡು ಸಾಲು ಅನ್ನೋ ಹೊತ್ತಿಗೆ ನಿಮ್ಮ ಕಾಲುಚೀಲ ಕಳೆದುಹೋಗಿರುತ್ತೆ."

ಸ್ಟೋರಪ್ಪನವರಿಗೆ ಚುರುಕ್ಕೆಂದಿತು. ಅವರು ಕೆಟ್ಟವರಲ್ಲ. ಹೆಂಡತಿಯೆಂದರೆ ಪ್ರಾಣ. ಆದರೆ ಆ ಪ್ರಾಣ ಮನೆಯಲ್ಲಿ ಎಲ್ಲಿ ಇರುತ್ತದೆ, ಏನು ಮಾಡುತ್ತಿರುತ್ತದೆ ಎಂದು ವಿಚಾರಿಸುವ ಅಭ್ಯಾಸ ಇರಲಿಲ್ಲ, ಅಷ್ಟೇ. "ನಿನ್ನ ಹಾಡನ್ನ ಈ ಫೋನಿನ ಪುಟ್ಟ ತೂತಲ್ಲಿ ಕೇಳೋದಾ? ಸಾಧ್ಯವೇ ಇಲ್ಲ!" ಎಂದು ಎದ್ದು ಹೋದವರು ಸಂಜೆ ಆಟೋದಲ್ಲಿ ಆಂಪ್ಲಿಫೈಯರು, ರೇಡಿಯೋ ಪೆಟ್ಟಿಗೆ, ಎದೆಮಟ್ಟದ ಎರಡು ಸ್ಪೀಕರು ತಂದು ಇಳಿಸಿದರು. ಸಂತೋಷದಿಂದ ಹೆಂಡತಿಯ ಕಣ್ಣು ತುಂಬಿ ಬಂತು. ಪಾಪ, ಆ ಡಬ್ಬದ ಒಳಗೆ ಸೂಚನೆಗಳ ಪುಸ್ತಕವೂ ಇದೆಯೆಂದು ಆಕೆಗೆ ಗೊತ್ತಿರಲಿಲ್ಲ.

ಬೇರೆಯವರು ಇಂಥ ಪುಸ್ತಕವನ್ನು ತೆಗೆದು ಕಪಾಟಿನ ಮೇಲೆ ಎಸೆಯುತ್ತಾರೆ. ಸ್ಟೋರಪ್ಪನವರು ಅದನ್ನು ಕನ್ನಡಕ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಜೋರಾಗಿ ಓದಿದರು. ನೀರಿನ ಹತ್ತಿರ ಇಡಬೇಡಿ ಎಂದಿತ್ತು. ಹಜಾರದಿಂದ ಹೂದಾನಿ ಹೋಯಿತು, ನೀರಿನ ಹೂಜಿ ಹೋಯಿತು, ಹೆಂಡತಿ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದೂ ನಿಂತಿತು. ಸ್ಪೀಕರು ಬೀಳದಂತೆ ನೋಡಿಕೊಳ್ಳಿ ಎಂದಿತ್ತು. ಎರಡನ್ನೂ ಹಗ್ಗದಿಂದ ಕಿಟಕಿಯ ಸರಳಿಗೆ ಬಿಗಿದರು. ನೋಡಿದರೆ ಯಾರೋ ಕಳ್ಳರನ್ನು ಹಿಡಿದು ಕಟ್ಟಿಹಾಕಿದಂತಿತ್ತು. ಒಂದೇ ಬೋರ್ಡಿಗೆ ಎಲ್ಲವನ್ನೂ ಚುಚ್ಚಬೇಡಿ ಎಂದಿತ್ತು. ಫ್ರಿಜ್ಜಿನ ಪ್ಲಗ್ಗನ್ನು ಕಿತ್ತು ಹಾಕಿದರು, ಹಾಲು ಒಡೆಯಿತು. ಸುತ್ತ ಜಾಗ ಬಿಡಿ ಎಂದಿತ್ತು. ಸೋಫಾ ಕಾರಿಡಾರಿಗೆ ಬಂತು. ಎಲ್ಲದರ ಸುತ್ತ ಕಾರ್ಖಾನೆಯ ಹಳದಿ-ಕಪ್ಪು ಪಟ್ಟಿ ಕಟ್ಟಿ, ಬಾಗಿಲ ಬಳಿ ಒಂದು ಬಕೆಟ್ ಮರಳು ತಂದಿಟ್ಟರು.

ಕೊನೆಗೆ ಹೆಂಡತಿಗೆ ತರಬೇತಿ.

"ಅಪಾಯ ಬಂದ್ರೆ ಯಾವ ದಾರಿಯಿಂದ ಹೊರಗೆ ಹೋಗ್ತೀಯ?"

"ಬಾಗಿಲಿಂದ."

"ಯಾವ ಬಾಗಿಲು? ಸರಿಯಾಗಿ ಹೇಳು!"

"ಈ ಮನೆಗೆ ಇರೋದೇ ಒಂದು ಬಾಗಿಲು ರೀ. ಅದಕ್ಕೂ ಈಗ ನಿಮ್ಮ ಸೋಫಾ ಅಡ್ಡ ಇದೆ."

ಸ್ಟೋರಪ್ಪನವರು ಸೋಫಾವನ್ನು ಒಂದು ಗೇಣು ಸರಿಸಿ, ತರಬೇತಿ ಯಶಸ್ವಿಯಾಯಿತೆಂದು ಘೋಷಿಸಿದರು.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಹೊಸ ಆಂಪ್ಲಿಫೈಯರು ತಂದವನು ಅದನ್ನು ತಾನೊಬ್ಬನೇ ಕೂತು ಕೇಳಿದರೆ ತಂದು ಏನು ಬಂತು? ಹೆಂಡತಿ ಬೇಡವೆಂದರೂ ಕಟ್ಟಡದ ಎಲ್ಲ ಮನೆಯವರನ್ನೂ ಕರೆಯುವುದೆಂದು ತೀರ್ಮಾನವಾಯಿತು. ವಿಷಯ ಮಾತ್ರ ಗುಟ್ಟು. ಹಾಡು ಶುರುವಾದಾಗ ಎಲ್ಲರೂ ಬೆಚ್ಚಿಬೀಳಬೇಕು ಎಂಬುದು ಅವರ ಆಸೆ. ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಎದುರುಮನೆಯ ಗಂಟೆ ಒತ್ತಿದರು. ಬಾಗಿಲು ತೆರೆದದ್ದು ಎದುರುಮನೆ ಆಂಟಿ. ಆಕೆಯ ಕಿವಿಗೆ ಬಿದ್ದದ್ದು ಕಟ್ಟಡವನ್ನೆಲ್ಲ ಸುತ್ತಲು ಲಿಫ್ಟಿಗಾಗಿ ಕಾಯುವುದಿಲ್ಲ.

"ಭಾನುವಾರ ಹನ್ನೊಂದಕ್ಕೆ ನಮ್ಮನೇಗೆ ಬನ್ನಿ."

"ಏನು ವಿಶೇಷ?"

"ಅದನ್ನ ಈಗ ಹೇಳೋ ಹಾಗಿಲ್ಲ. ರಬ್ಬರ್ ಚಪ್ಪಲಿ ಹಾಕ್ಕೊಂಡು ಬನ್ನಿ. ಎದೆನೋವು ಇರೋರು ಹಿಂದುಗಡೆ, ಬಾಗಿಲ ಹತ್ರ ಕೂತ್ಕೋಬೇಕು. ಒಂದು ವೇಳೆ ಸೀಟಿ ಊದಿದ್ರೆ ತಳ್ಳಾಡದೆ ಸಾಲಾಗಿ ಇಳೀಬೇಕು. ಹೆದರೋ ಕಾರಣ ಏನೂ ಇಲ್ಲ. ಎಲ್ಲಾ ಮುಂಜಾಗ್ರತೆ ತಗೊಂಡಿದೀನಿ."

ಹೆದರುವ ಕಾರಣವಿಲ್ಲ ಎಂಬ ಮಾತಿನಷ್ಟು ಹೆದರಿಕೆ ಹುಟ್ಟಿಸುವ ಮಾತು ಇನ್ನೊಂದಿಲ್ಲ. ಆಂಟಿ ಸ್ಟೋರಪ್ಪನವರ ಭುಜದ ಮೇಲಿಂದ ಅವರ ಮನೆಯ ತೆರೆದ ಬಾಗಿಲೊಳಗೆ ಇಣುಕಿದರು. ಹಳದಿ-ಕಪ್ಪು ಪಟ್ಟಿ ಕಂಡಿತು, ಮರಳು ಕಂಡಿತು, ಹಗ್ಗದಲ್ಲಿ ಬಿಗಿದ ಎರಡು ಕರಿ ಆಕಾರಗಳು ಕಂಡವು. ಬಾಗಿಲು ದಢಾರನೆ ಮುಚ್ಚಿತು.

ಸಂಜೆಯೊಳಗೆ ಸುದ್ದಿ ಮೇಲಿನ ಮಹಡಿಯ ನಿವೃತ್ತ ಹೆಡ್‌ಮಾಸ್ಟರ ತನಕ ಏರಿತು. ಹೊರಟಾಗ ಅದು "ಕಾರ್ಖಾನೆಯಿಂದ ಏನೋ ತಂದಿದಾನೆ" ಎಂದಿತ್ತು. ಅಲ್ಲಿಗೆ ಹೋಗಿ ಮುಟ್ಟುವಾಗ "ಕಾರ್ಖಾನೆಯ ಬಾಯ್ಲರ್ ತಂದಿದಾನೆ, ಭಾನುವಾರ ಹನ್ನೊಂದಕ್ಕೆ ಹಚ್ಚಿ ನೋಡ್ತಾನಂತೆ" ಎಂದಾಗಿತ್ತು. ಹೆಡ್‌ಮಾಸ್ಟರು ಕೋಲೂರಿಕೊಂಡು ಇಳಿದು ಬಂದರು.

"ಅಲ್ಲಯ್ಯಾ, ಅದು ಒಡೀತದೇನು?"

"ಸರಿಯಾಗಿ ಬಳಸಿದ್ರೆ ಒಡೆಯೋದಿಲ್ಲ ಸಾರ್. ಕಿವಿತಮಟೆ ಮಾತ್ರ ಒಡೆಯೋ ಸಾಧ್ಯತೆ ಇದೆ. ಅದಕ್ಕೇ ಸೊನ್ನೆಯಿಂದ ಶುರು ಮಾಡಿ ನಿಧಾನವಾಗಿ ಏರಿಸಬೇಕು."

"ಮನೆಯೊಳಗೇ ಯಾಕೆ ಬೇಕಿತ್ತು ಇದೆಲ್ಲ?"

"ನನ್ನ ಹೆಂಡತಿಗೋಸ್ಕರ ಸಾರ್," ಎಂದರು ಸ್ಟೋರಪ್ಪನವರು ನಾಚಿ. "ಆಕೆಗೆ ಭಾನುವಾರ ಒಂದು ಗತಿ ಕಾಣಿಸ್ಬೇಕು ಅಂತಿದೀನಿ. ಇಷ್ಟು ವರ್ಷ ನಾನು ಮಾಡಿದ್ದು ಏನೂ ಇಲ್ಲ."

ಹೆಡ್‌ಮಾಸ್ಟರು ಇಳಿದದ್ದಕ್ಕಿಂತ ಬೇಗ ಮೇಲೆ ಹತ್ತಿದರು. ಹತ್ತುವಾಗ ಕೋಲು ಕೆಳಗೇ ಉಳಿಯಿತು.

ಭಾನುವಾರ ಬೆಳಿಗ್ಗೆ ಬಾಮೈದ ಬಂದ. ಹೆಂಡತಿಯ ತಮ್ಮ. ಸಭೆ ಸಮಾರಂಭಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಕರೆಂಟು ತನಗೆ ಚಿಕ್ಕಂದಿನ ಸ್ನೇಹಿತ, ತನ್ನನ್ನು ಮುಟ್ಟುವುದಿಲ್ಲ ಎಂದು ನಂಬಿದ್ದವನು. ಮೂರು ಸಲ ಮುಟ್ಟಿ ಒಂದು ಸಲ ಗೋಡೆಗೆ ಎಸೆದಿದ್ದರೂ ಸ್ನೇಹ ಕಡಿಮೆಯಾಗಿರಲಿಲ್ಲ. ಬಂದವನೇ ಪಟ್ಟಿಯನ್ನು ದಾಟಿ, ಸ್ಪೀಕರಿನ ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯತೊಡಗಿದ.

"ಏಯ್! ಬಾಯಿಂದ ತೆಗೆಯೋ ಅದನ್ನ! ಕೈಗವಸು ಎಲ್ಲಿ?"

"ಭಾವಾ, ನಾನು ಮಳೇಲಿ ನೆಂದ್ಕೊಂಡು ಮೈಕ್ ಕಟ್ಟಿದೋನು. ನಮ್ಮಕ್ಕನ ಹಾಡಿಗೆ ಕೈಗವಸು ಹಾಕ್ಕೋಬೇಕಾ?"

"ನಿಮ್ಮಕ್ಕನ ಹಾಡಿಗೆ ಬೇಡ. ನಿಮ್ಮಕ್ಕನ ತಮ್ಮನಿಗೆ ಬೇಕು. ತಗೋ."

ಇಬ್ಬರೂ ಎಳೆದಾಡುತ್ತಲೇ ಕನೆಕ್ಷನ್ ಮುಗಿಯಿತು. ಹಾಡು ಹನ್ನೊಂದಕ್ಕಿದ್ದರೂ ಯಂತ್ರ ಹದಕ್ಕೆ ಬರಲಿ ಎಂದು ಸ್ಟೋರಪ್ಪನವರು ಆಗಲೇ ಸ್ವಿಚ್ ಹಾಕಿದರು. ಹಾಕಿ, ಹಿಂದೆ ಸರಿದು, ಎಲ್ಲವನ್ನೂ ತೃಪ್ತಿಯಿಂದ ನೋಡಿದರು. ಇನ್ನೂ ಒಂದು ಕೊರತೆ ಇದೆ ಅನ್ನಿಸಿತು. ಉಗ್ರಾಣದಿಂದ ತಂದಿದ್ದ ಬೆಂಕಿ ಕಂಬಳಿ ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ದಪ್ಪನೆಯ ಬೂದು ಕಂಬಳಿ, ಬೆಂಕಿ ಬಿದ್ದಾಗ ಮೇಲೆ ಹೊದಿಸಿ ಆರಿಸುವಂಥದ್ದು. ಬೆಂಕಿ ಬಿದ್ದ ಮೇಲೆ ಹೊದಿಸುವುದಕ್ಕಿಂತ ಮೊದಲೇ ಹೊದಿಸಿಟ್ಟರೆ ಬೆಂಕಿಗೆ ಬರುವ ಧೈರ್ಯವಾದರೂ ಎಲ್ಲಿಂದ ಬರುತ್ತದೆ? ಆಂಪ್ಲಿಫೈಯರಿನ ತಲೆಯಿಂದ ಕಾಲಿನ ತನಕ ಕಂಬಳಿ ಹೊದಿಸಿ, ಅಂಚುಗಳನ್ನು ಎಳೆಕೂಸಿಗೆ ಮಾಡುವಂತೆ ಒಳಗೆ ಸಿಕ್ಕಿಸಿದರು.

ಹೆಂಡತಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದು, ರಬ್ಬರ್ ಚಾಪೆಯ ಮೇಲೆ ಕೂತು, ಗಂಡ ಕೂರುವುದನ್ನೇ ಕಾಯುತ್ತಿದ್ದರು. ಗಂಡ ಕೂರಲಿಲ್ಲ. ಕರೆದ ಒಬ್ಬರೂ ಬಂದಿರಲಿಲ್ಲವಾಗಿ ಅವರು ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದರು. ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಹೆಂಡತಿ ಮೂಗು ಅರಳಿಸಿದರು.

"ರೀ, ಏನೋ ಸುಟ್ಟ ವಾಸನೆ."

"ಹೊಸ ವಸ್ತು ಕಣೇ. ಸ್ವಲ್ಪ ಹಾಗಿರುತ್ತೆ."

"ಹೊಗೆ ಬರ್ತಿದೆ ರೀ! ಆ ಕಂಬಳಿ ತೆಗೀರಿ ಮೊದಲು!"

"ಏನಂದೆ? ಬೆಂಕಿ ಕಂಬಳಿ ತೆಗೆಯೋದಾ? ಅದು ಇರೋದೇ ಇಂಥ ಹೊತ್ತಿಗೆ!"

ಬಾಮೈದ ಕಂಬಳಿಗೆ ಕೈ ಹಾಕಲು ಹೋದ. ಸ್ಟೋರಪ್ಪನವರು ಅವನ ಅಂಗಿಯ ಕಾಲರು ಹಿಡಿದು ಎಳೆದು, ಎದೆಯಲ್ಲಿದ್ದ ಉಸಿರೆಲ್ಲ ತುಂಬಿ ಸೀಟಿ ಊದಿದರು. ಪ್ರತಿನಿಧಿಯಾದ ಮೇಲೆ ಅವರು ಕಾಯುತ್ತಿದ್ದದ್ದೇ ಆ ಗಳಿಗೆಗೆ.

ಆ ಸೀಟಿಗೆ ಇಡೀ ಕಟ್ಟಡ ಕಾದು ಕೂತಿತ್ತು. ಒಂದೊಂದು ಬಾಗಿಲೂ ಒಟ್ಟಿಗೆ ತೆರೆಯಿತು. ಕೂಸು ಕುನ್ನಿ, ಸೂಟ್‌ಕೇಸು, ಆಸ್ತಿಪತ್ರ, ಇನ್ನೂ ಒಣಗದ ಬಟ್ಟೆ, ಎಲ್ಲ ಸಮೇತ ಜನ ಬುಳಬುಳನೆ ಬೀದಿಗೆ ಇಳಿದರು. ಎಲ್ಲರ ಕಾಲಲ್ಲೂ ರಬ್ಬರ್ ಚಪ್ಪಲಿ ಇತ್ತು. ತಮ್ಮ ಮಾತನ್ನು ಜನ ಇಷ್ಟು ಗೌರವದಿಂದ ಪಾಲಿಸಿದ್ದು ಕಂಡು ಸ್ಟೋರಪ್ಪನವರ ಎದೆ ಉಬ್ಬಿತು. ಬೆಂಕಿ ಆರಿಸುವ ಗಾಡಿಯೂ ಆಗಲೇ ಬೀದಿಯ ತಿರುವಿನಲ್ಲಿ ಕೂಗುತ್ತಾ ಬರುತ್ತಿತ್ತು. ಆಂಟಿ ಅದಕ್ಕೆ ಫೋನು ಮಾಡಿದ್ದು ಹೊಗೆ ಬರುವ ಮುಂಚೆಯೇ ಎಂದು ಆಮೇಲೆ ತಿಳಿಯಿತು.

ಗಾಡಿಯ ಅಧಿಕಾರಿ ನಾಲ್ಕು ಜನರೊಂದಿಗೆ ಮೇಲೆ ಹೋಗಿ, ಬೇಗನೆ ಇಳಿದು ಬಂದರು. ಕೈಯಲ್ಲಿ ಬೂದು ಕಂಬಳಿ ಇತ್ತು.

"ಬಾಯ್ಲರ್ ಎಲ್ಲಿ?" ಎಂದು ಕೇಳಿದರು.

"ಯಾವ ಬಾಯ್ಲರ್?" ಎಂದರು ಸ್ಟೋರಪ್ಪನವರು.

"ಅದೇ, ಹೆಂಡತಿಗೆ ಒಂದು ಗತಿ ಕಾಣಿಸೋಕೆ ತಂದಿದೀಯಲ್ಲಯ್ಯಾ!" ಎಂದು ಹೆಡ್‌ಮಾಸ್ಟರು ಗುಂಪಿನ ಹಿಂದಿನಿಂದ ಕೂಗಿದರು.

"ಅಯ್ಯೋ ಸಾರ್, ಆಕೆ ರೇಡಿಯೋದಲ್ಲಿ ಹಾಡ್ತಾಳೆ! ಅದನ್ನ ಕೇಳೋಕೆ ತಂದ ಆಂಪ್ಲಿಫೈಯರು ಅದು!"

ಅಧಿಕಾರಿ ಕಂಬಳಿಯನ್ನು ಎತ್ತಿ ಹಿಡಿದರು. "ಇದನ್ನ ಅದಕ್ಕೆ ಹೊದಿಸಿದ್ದು ಯಾರು?"

"ನಾನೇ ಸಾರ್. ಬೆಂಕಿ ಬರದೇ ಇರ್ಲಿ ಅಂತ."

"ಬೆಂಕಿ ಬರ್ತಿದ್ದದ್ದೇ ಇದರಿಂದ! ಆಂಪ್ಲಿಫೈಯರಿನ ತಲೆ ಮೇಲೆ ತೂತುಗಳು ಇದಾವಲ್ಲ, ಒಳಗಿನ ಬಿಸಿ ಹೋಗೋದು ಅಲ್ಲಿಂದಲೇ. ಬೆಳಿಗ್ಗೆಯಿಂದ ಚಾಲೂ ಇಟ್ಟು ಮೇಲೆ ಕಂಬಳಿ ಹೊದಿಸಿದ್ರೆ ಬೇಯದೆ ಇರುತ್ತಾ? ಬಟ್ಟೆ ಮುಚ್ಚಬೇಡಿ ಅಂತ ಪುಸ್ತಕದಲ್ಲಿ ಬರೆದಿಲ್ವಾ?"

"ಬರೆದಿದೆ ಸಾರ್. ಆದ್ರೆ ಇದು ಬಟ್ಟೆ ಅಲ್ಲ. ಸುರಕ್ಷತಾ ಸಾಧನ."

ಮೊದಲು ನಕ್ಕದ್ದು ಬಾಮೈದ. ಆಮೇಲೆ ಆಂಟಿ. ಆಮೇಲೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಾಯ್ಲರಿಗೆ ಹೆದರಿ ಒದ್ದೆ ಬಟ್ಟೆ ಹೊತ್ತು ಓಡಿ ಬಂದ ನಾಚಿಕೆಯನ್ನೂ ಸೇರಿಸಿ ನಕ್ಕಿತು. ಸ್ಟೋರಪ್ಪನವರ ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಒಳಗಿನಿಂದ ದುಃಖ ಉಕ್ಕಿ ಬಂತು. ಅತಿಥಿಗಳು ಕೇಳಿದರೆ ಕೊಡಲೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಕಿವಿಕವಚಗಳಲ್ಲಿ ಒಂದು ಜೊತೆ ತೆಗೆದರು. ಕಾರ್ಖಾನೆಯಲ್ಲಿ ಸುತ್ತಿಗೆ ಯಂತ್ರದ ಪಕ್ಕ ನಿಲ್ಲುವವರು ಹಾಕುವ ಗಟ್ಟಿ ಮಾಲು. ಎರಡೂ ಕಿವಿಗೆ ಒತ್ತಿ ಹಾಕಿಕೊಂಡರು. ಬೀದಿಯ ನಗು ಪಟ್ಟನೆ ನಿಂತಿತು. ಆಹಾ, ಎಂಥ ನೆಮ್ಮದಿ! ಬಾಯಿಗಳು ಮಾತ್ರ ತೆರೆದು ಮುಚ್ಚುತ್ತಿದ್ದವು. ಇನ್ನು ಇವರ ಜೊತೆ ಮಾತೇ ಬೇಡ, ತಾನುಂಟು ತನ್ನ ಕರ್ತವ್ಯ ಉಂಟು ಎಂದು ಅವರು ತಲೆ ಎಣಿಸತೊಡಗಿದರು. ಜಾಗ ಖಾಲಿ ಮಾಡಿಸಿದ ಮೇಲೆ ಪ್ರತಿನಿಧಿ ತಲೆ ಎಣಿಸಲೇಬೇಕು.

ಅತ್ತ ಹೆಂಡತಿ ನಗಲೂ ಇಲ್ಲ, ಅಳಲೂ ಇಲ್ಲ. ಕಟ್ಟಡದ ಕರೆಂಟು ತೆಗೆದಿದ್ದರು. ಹನ್ನೊಂದಕ್ಕೆ ಒಂದೆರಡು ನಿಮಿಷ ಇತ್ತು. ಸೀರೆಯ ನೆರಿಗೆ ಎತ್ತಿ ಹಿಡಿದು ನೇರವಾಗಿ ಕೆಂಪು ಗಾಡಿಯ ಡ್ರೈವರಿನ ಹತ್ತಿರ ಹೋದರು.

"ಅಣ್ಣಾ, ನಿಮ್ಮ ಗಾಡೀಲಿ ರೇಡಿಯೋ ಇದೆಯಾ?"

ಡ್ರೈವರು ತಿರುಗಿ ನೋಡಿದ. "ಅಮ್ಮಾ, ಈ ಧ್ವನಿ ನಾನು ದಿನಾ ಕೇಳ್ತೀನಿ. ಬಸ್ ನಿಲ್ದಾಣದಲ್ಲಿ ಹೇಳೋರು ನೀವೇ ಅಲ್ವಾ?"

"ಹೌದು. ರೇಡಿಯೋಗೆ ಒಂದು ಹಾಡು ಹಾಡಿದೀನಿ. ಈಗ ಬರುತ್ತೆ."

ಡ್ರೈವರು ಕೂಡಲೇ ಗಾಡಿಯೊಳಗೆ ಬಗ್ಗಿದ. ರೇಡಿಯೋ ಹಚ್ಚಿ, ಜನರನ್ನು ದೂರ ಸರಿಯಿರಿ ಎಂದು ಕೂಗುವ ಮೈಕನ್ನು ಅದರ ಮುಂದೆ ಹಿಡಿದ. ಗಾಡಿಯ ತಲೆ ಮೇಲಿದ್ದ ಭೋಂಗಾದಿಂದ ಮೊದಲು ಗೊರಗೊರ ಬಂತು, ಆಮೇಲೆ ಆಕೆಯ ಧ್ವನಿ ಬಂತು.

ಸಣ್ಣ ಹಾಡು. ವಾದ್ಯ ಇಲ್ಲ, ತಾಳ ಇಲ್ಲ. ಬಟ್ಟೆ ಒಣಹಾಕುತ್ತಾ ನಿಂತವಳೊಬ್ಬಳು ಯಾರೂ ಇಲ್ಲವೆಂದು ತನಗೆ ತಾನೇ ಹಾಡಿಕೊಂಡ ಹಾಗಿತ್ತು. ಎರಡನೇ ಸಾಲಿಗೆ ಬೀದಿಯ ನಗು ಉಡುಗಿತು. ನಾಲ್ಕನೇ ಸಾಲಿಗೆ ಹೆಡ್‌ಮಾಸ್ಟರು ಕನ್ನಡಕ ತೆಗೆದರು. ಆಂಟಿಯ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ. ಇಂಥದ್ದು ಹಿಂದೆಂದೂ ಆಗಿರಲಿಲ್ಲ. ಅಧಿಕಾರಿ ಕಂಬಳಿಯನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟರು.

ಸ್ಟೋರಪ್ಪನವರ ಎಣಿಕೆ ಆಗ ಮುಗಿದಿತ್ತು. ಒಂದು ತಲೆ ಕಡಿಮೆ! ಎಲ್ಲರನ್ನೂ ಇನ್ನೊಮ್ಮೆ ನೋಡಿದರು. ಗಾಡಿಯ ಆಚೆ ಬದಿಯಲ್ಲಿ ನಿಂತ ಹೆಂಡತಿ ಅವರಿಗೆ ಕಾಣಲಿಲ್ಲ. "ನನ್ನ ಹೆಂಡತಿ! ಒಳಗೇ ಇದಾಳೆ!" ಎಂದು ಅರಚಿದರು. "ಶ್!" ಎಂದು ಹತ್ತು ಜನ ಅವರ ಕಡೆ ತಿರುಗಿ ತುಟಿಗೆ ಬೆರಳಿಟ್ಟರು. ಹೆಂಗಸೊಬ್ಬಳು ಒಳಗೆ ಸಿಕ್ಕಿಬಿದ್ದರೂ ಸುಮ್ಮನಿರು ಎನ್ನುವ ಇವರು ಮನುಷ್ಯರೇ? ಹಲ್ಲು ಕಚ್ಚಿಕೊಂಡು, ನಿಯಮ ಪ್ರಕಾರ ಯಾರೂ ಮಾಡಕೂಡದ ಕೆಲಸ ಮಾಡಿದರು. ತಡೆಯಲು ಬಂದವನನ್ನು ನೂಕಿ ಹೊಗೆಯ ಕಟ್ಟಡದೊಳಗೆ ನುಗ್ಗಿದರು. ಅವರು ಓಡಿದ ಮೆಟ್ಟಿಲುಗಳ ಮೇಲೆಲ್ಲ ಹೆಂಡತಿಯ ಹಾಡು ತುಂಬಿಕೊಂಡಿತ್ತು.

ಅವರು ತಿರುಗಿ ಇಳಿದು ಬರುವಾಗ ಹಾಡು ಮುಗಿದಿತ್ತು. ಮುಖಕ್ಕೆಲ್ಲ ಮಸಿ, ಕಣ್ಣಲ್ಲಿ ನೀರು. ಎದುರಿಗೆ ನೋಡಿದರೆ ಬೀದಿಗೆ ಬೀದಿಯೇ ಕಣ್ಣೊರೆಸಿಕೊಳ್ಳುತ್ತಿದೆ. ಕೆಂಪು ಗಾಡಿಯ ಸುತ್ತ ಜನ ತಲೆ ತಗ್ಗಿಸಿ ನಿಂತಿದ್ದಾರೆ.

"ಅಯ್ಯಯ್ಯೋ, ಹೋಗೇಬಿಟ್ಲಾ! ನನ್ನ ಬಿಟ್ಟು ಹೋಗೇಬಿಟ್ಲಾ!" ಎಂದು ಗೋಳಾಡುತ್ತಾ ಗುಂಪನ್ನು ಸೀಳಿಕೊಂಡು ನಡುವೆ ಬಂದು ಬಿದ್ದರು.

ನಡುವೆ ಹೆಂಡತಿ ನಿಂತಿದ್ದರು. ಸೀರೆಯ ಮಡಿಕೆ ಕೂಡ ಕೆಟ್ಟಿರಲಿಲ್ಲ. ಆಕೆ ಬಗ್ಗಿ ಗಂಡನ ಕಿವಿಯಿಂದ ಎರಡೂ ಕವಚಗಳನ್ನು ಕಿತ್ತರು. ಭೋಂಗಾದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು.

"ನೀನು ಬದುಕಿದೀಯಾ!" ಎಂದರು ಸ್ಟೋರಪ್ಪನವರು.

"ಕೇಳಿದ್ರಾ?" ಎಂದರು ಹೆಂಡತಿ.

ಬಾಮೈದ ಹಿಂದಿನಿಂದ ಹೌದು ಅನ್ನಿ ಎಂದು ಕಣ್ಸನ್ನೆ ಮಾಡಿದ. ಸ್ಟೋರಪ್ಪನವರು ನಿಜ ಹೇಳಿದರು.

"ಇಲ್ಲ ಕಣೇ. ನಿನ್ನನ್ನ ಹುಡುಕ್ತಿದ್ದೆ."

"ಇಡೀ ಬೀದಿಗೆ ಕೇಳೋ ಹಾಗೆ ನಾನು ಇಲ್ಲಿ ಹಾಡ್ತಾ ಇದ್ದೆ. ನೀವು ನನ್ನನ್ನ ಎಲ್ಲಿ ಹುಡುಕಿದ್ರಿ?"

"ಅಡುಗೆಮನೇಲಿ," ಎಂದರು ಸ್ಟೋರಪ್ಪನವರು.

ಬೀದಿಯ ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಗಂಡಸರಿಗೆ ಮಾತ್ರ ಆ ಉತ್ತರದಲ್ಲಿ ನಗುವಂಥದ್ದು ಏನಿದೆಯೆಂದು ಹೊಳೆಯಲಿಲ್ಲ.